ಕಾಕಾ ಕೊಟ್ಟ ಘಾಟ್

ಕಳೆದ ವಾರ ಹಡಪ್ಸರದ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, ಸ್ಟೇರಿಂಗ್ ಹಿಡಿದು ಕೂತಿದ್ದ ಹುಡುಗಿ ಬ್ಯಾಗಿನಿಂದ ನೋವಿನ ಮುಲಾಮಿನ ಸಣ್ಣ ಡಬ್ಬಿ ತೆಗೆದು ಕುತ್ತಿಗೆಗೆ ಸವರಿಕೊಂಡಳು. ಕರ್ಪೂರದ ಆ ಘಾಟು ವಾಸನೆ ಡೀಸೆಲ್ ವಾಸನೆಯ ಜೊತೆ ಸೇರಿ ಕ್ಯಾಬಿನ್ ತುಂಬ ಹರಡಿತು. "ಆ ಡಬ್ಬಿ ಒಳಗ ಇಡು" ಎಂದು ಗದರಿಬಿಟ್ಟೆ. ಹುಡುಗಿ ಬೆಪ್ಪಾಗಿ ನನ್ನ ಮುಖ ನೋಡಿದಳು. ಕುತ್ತಿಗೆ ಹಿಡಿದವರು ಮುಲಾಮು ಹಚ್ಚದೆ ಮತ್ತೇನು ಮಾಡಬೇಕು? ಆದರೆ ಟ್ರಕ್ಕಿನ ಕ್ಯಾಬಿನ್ನಿನಲ್ಲಿ ಆ ವಾಸನೆ ಬಂದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಆ ಹುಡುಗಿಯ ಮೇಲಲ್ಲ. ತೀರಿಹೋದ ಹಿರಿಯರೊಬ್ಬರ ಮೇಲೆ…

ನಾನು ಪುಣೆಯ ಒಂದು ಸಾಗಣೆ ಕಂಪನಿಯಲ್ಲಿ ಟ್ರಕ್ ಓಡಿಸುತ್ತೇನೆ. ಹೊಸದಾಗಿ ಬರುವ ಹೆಂಗಸರಿಗೆ ಕಲಿಸುವುದೂ ಈಗ ನನ್ನ ಕೆಲಸವೇ. ಅವರು ಸ್ಟೇರಿಂಗ್ ಹಿಡಿಯುತ್ತಾರೆ, ನಾನು ಎಡಗಡೆಯ ಸೀಟಿನಲ್ಲಿ ಕೂತಿರುತ್ತೇನೆ. ಕಲಿಯುವವರಿಗೆ ಮೊದಲ ತಿಂಗಳಿಂದಲೇ ಸಂಬಳವಿದೆ. ಈ ಹುಡುಗಿ ಇಂದಾಪುರದ ಕಡೆಯವಳು, ತಾಯಿ ಅಕ್ಕಲಕೋಟದವಳಾದ್ದರಿಂದ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾಳೆ. ಕಲಿಯುವಾಗ ಸಂಬಳ ಸಿಗುವುದು ಅವಳಿಗೆ ನಲ್ಲಿಯಲ್ಲಿ ನೀರು ಬಂದಷ್ಟೇ ಸಹಜ. ಹಾಗೇ ಇರಬೇಕು ಬಿಡಿ. ಆದರೆ ನನ್ನ ಕಾಲಕ್ಕೆ ಆ ನೀರಿಗಾಗಿ ಒಬ್ಬರು ಬಾವಿ ತೋಡಬೇಕಾಯಿತು.

ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ಬಿಬವೇವಾಡಿಯ ನಮ್ಮ ಚಾಳಿನಲ್ಲಿ ನನ್ನ ಖೋಲಿಯ ಎದುರಿನ ಖೋಲಿ ಅವರದು. ವಿಜಯಪುರ ಜಿಲ್ಲೆಯ ಇಂಡಿ ಊರಿನ ಕಡೆಯಿಂದ ಹುಡುಗನಾಗಿದ್ದಾಗಲೇ ಪುಣೆಗೆ ಬಂದು, ಜೀವಮಾನವಿಡೀ ಟ್ರಕ್ ಓಡಿಸಿ, ಆಗಷ್ಟೇ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದರು. ಕೂತಿದ್ದರು ಎಂದೆ, ಆದರೆ ಕೂರಲು ಬಂದ ಮನುಷ್ಯರಲ್ಲ. ಚಾಳಿನಲ್ಲಿ ಯಾರ ಸ್ಕೂಟರ್ ಕೆಟ್ಟರೂ ಮೊದಲು ಅವರ ಬಾಗಿಲಿಗೆ ಬರುತ್ತಿತ್ತು. ಮಾರ್ಕೆಟ್ ಯಾರ್ಡಿನಲ್ಲಿ ಅವರನ್ನು ಎಲ್ಲರೂ ಉಸ್ತಾದ ಎಂದೇ ಕರೆಯುತ್ತಿದ್ದರು. ಅಲ್ಲಿನ ಅರ್ಧಕ್ಕರ್ಧ ಡ್ರೈವರುಗಳು ಯಾವಾಗಲೋ ಒಮ್ಮೆ ಅವರ ಕೈಕೆಳಗೆ ಕ್ಲೀನರ್ ಆಗಿದ್ದವರೇ.

ನನ್ನ ಗಂಡ ಸಣ್ಣ ಟೆಂಪೋದಲ್ಲಿ ಮಾರ್ಕೆಟ್ ಯಾರ್ಡಿನಿಂದ ಅಂಗಡಿಗಳಿಗೆ ತರಕಾರಿ ಹಾಕುತ್ತಿದ್ದರು. ಶನಿವಾರ ಯಾರ್ಡಿಗೆ ರಜೆ. ಅವತ್ತು ಖಾಲಿ ಬಯಲಿನಲ್ಲಿ ನನಗೂ ಟೆಂಪೋ ಕಲಿಸಿದರು, ಸಣ್ಣ ಗಾಡಿಯ ಲೈಸೆನ್ಸೂ ಮಾಡಿಸಿಕೊಟ್ಟರು. "ನನಗ ಜ್ವರ ಬಂದ್ರ ನೀ ಹೊಡೀಬೇಕು" ಎಂದು ತಮಾಷೆ ಮಾಡುತ್ತಿದ್ದರು. ಜ್ವರವೇ ಬಂತು. ಡೆಂಗಿ ಜ್ವರ. ಅವರೂ ಹೋದರು, ಆಸ್ಪತ್ರೆಯ ಬಿಲ್ಲಿಗೆ ಟೆಂಪೋವೂ ಹೋಯಿತು. ನಾನು ಉಡುಪಿ ಕಡೆಯವರ ಹೋಟೆಲೊಂದರ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುವ ಕೆಲಸಕ್ಕೆ ಸೇರಿದೆ. ಮಾಲಕರು ಒಳ್ಳೆಯವರೇ, ದಿನಾ ನನ್ನ ಸಣ್ಣ ಮಗಳಿಗೆಂದು ಎರಡು ಇಡ್ಲಿ ಕಟ್ಟಿಕೊಡುತ್ತಿದ್ದರು. ಆದರೆ ಆ ಪಗಾರದಲ್ಲಿ ಬಾಡಿಗೆ ಕೊಟ್ಟರೆ ಶಾಲೆಗಿಲ್ಲ, ಶಾಲೆಗೆ ಕೊಟ್ಟರೆ ಬಾಡಿಗೆಗಿಲ್ಲ.

ಆ ಸಂಕ್ರಾಂತಿಗೆ ವಿಜಯಪುರದಿಂದ ನನ್ನ ಅಣ್ಣ ಬಂದ. ಮಗಳನ್ನು ತನ್ನ ಮನೆಯಲ್ಲಿ ಇರಿಸಿಕೊಳ್ಳುತ್ತೇನೆ, ಜೂನಿನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಕರೆದೊಯ್ಯುತ್ತೇನೆ ಎಂದ. "ಒಂದ ಹೊಟ್ಟಿ ನಮಗೇನ ಭಾರ ಅಲ್ಲ" ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಆದರೆ ಪರರ ಮನೆಯಲ್ಲಿ ಬೆಳೆಯುವ ಹೆಣ್ಣುಮಗು ಊಟಕ್ಕಿಂತ ಮೊದಲು ಮುಸುರೆ ತಿಕ್ಕುವುದನ್ನು ಕಲಿಯುತ್ತದೆ. ನಾನೂ ಸೋದರಮಾವನ ಮನೆಯಲ್ಲಿ ಬೆಳೆದವಳೇ. ಆಗುವುದಿಲ್ಲ ಎಂದೆ. "ಹಂಗಾದ್ರ ಜೂನ್ ಒಳಗ ಒಂದ ಗಟ್ಟಿ ಕೆಲಸಾ ತೋರ್ಸು" ಎಂದು ಹೇಳಿ ಅಣ್ಣ ಬಸ್ಸು ಹತ್ತಿದ.

ಚಾಳಿನ ಗೋಡೆಗಳಿಗೆ ಕಿವಿ ಇರುವುದು ಮಾತ್ರವಲ್ಲ, ಬಾಯಿಯೂ ಇರುತ್ತದೆ. ಸಂಜೆಯ ಹೊತ್ತಿಗೆ ಕಾಕಾ ನನ್ನ ಬಾಗಿಲಲ್ಲಿ ನಿಂತಿದ್ದರು.

"ಟೆಂಪೋ ಚಲೋ ಹೊಡೀತಿದ್ದಿ. ದೊಡ್ಡ ಗಾಡಿ ಯಾಕ ಕಲೀಬಾರದು ಯವ್ವಾ?"

ನನಗೆ ನಗು ಬಂತು. "ಕಲಿಯಾಕ ರೊಕ್ಕ ಎಲ್ಲಿಂದ ತರ್ಲಿ ಕಾಕಾ? ನೀವ ಹೇಳ್ರಿ."

"ರೊಕ್ಕ ಕೊಟ್ಟ ಕಲಿಯೂದಲ್ಲ. ರೊಕ್ಕ ತಗೊಂಡ ಕಲಿಯೂದು."

ಅದು ಅವರ ಬಹಳ ದಿನದ ಹಟ. ಅವರು ಕಲಿಯುವ ಕಾಲಕ್ಕೆ ಕ್ಲೀನರಿಗೆ ಸಂಬಳವೆಂಬುದೇ ಇರಲಿಲ್ಲ. ಉಸ್ತಾದ ಉಂಡು ಉಳಿದದ್ದೇ ಊಟ, ಮೂಟೆಗಳ ಮೇಲಿನ ತಾಡಪತ್ರಿಯೇ ಹಾಸಿಗೆ. ವರ್ಷಗಟ್ಟಲೆ ಹಾಗೆ ತಿರುಗಿದ ಮೇಲೆ ಯಾವಾಗಲೋ ಸ್ಟೇರಿಂಗ್ ಕೈಗೆ ಬರುತ್ತಿತ್ತು. "ಕಲಿಯೂವಾಗ ಉಪವಾಸ ಬಿದ್ದಾಂವ ಮುಂದ ಡೀಸೆಲ್ ಕದೀತಾನ" ಎನ್ನುತ್ತಿದ್ದರು ಕಾಕಾ. ತಾವು ಕದ್ದಿದ್ದರೋ ಇಲ್ಲವೋ ಎಂದು ನಾನು ಕೇಳಲಿಲ್ಲ. ತಮ್ಮ ಕೈಕೆಳಗೆ ಕಲಿತ ಯಾವ ಹುಡುಗನನ್ನೂ ಪಗಾರವಿಲ್ಲದೆ ಇಟ್ಟುಕೊಂಡವರಲ್ಲ ಎಂದು ಮಾತ್ರ ಯಾರ್ಡಿನಲ್ಲಿ ಎಲ್ಲರೂ ಹೇಳುತ್ತಿದ್ದರು.

ಹಾಗೆ ಶುರುವಾಯಿತು ನಮ್ಮ ಹುಡುಕಾಟ. ನನ್ನ ವಾರದ ರಜೆಯ ದಿನ ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ತಯಾರಾಗುತ್ತಿದ್ದರು, ಮಗಳಿಗೆ ಗಂಡು ನೋಡಲು ಹೊರಟವರ ಹಾಗೆ. ಮೊದಲು ಭೋರಿಗೆ ಹೋದೆವು. ಅಲ್ಲಿ ಹಾಲಿನ ಟ್ಯಾಂಕರ್ ಇಟ್ಟುಕೊಂಡ ಪರಿಚಯದವರೊಬ್ಬರು ಇದ್ದರು. ಚಹಾ ಕೊಟ್ಟರು, ಪೋಹೆ ಕೊಟ್ಟರು, ಹಳೆಯ ದಿನಗಳನ್ನು ನೆನೆದರು. ಕಲಿಯುವವರು ಯಾರು ಎಂದು ಕೇಳಿದಾಗ ಕಾಕಾ ನನ್ನತ್ತ ಕೈ ತೋರಿಸಿದರು. ಆ ಮನುಷ್ಯ ಬಗ್ಗಿ ನನ್ನ ಬೆನ್ನ ಹಿಂದೆ ನೋಡಿದರು, ಅಲ್ಲಿ ಯಾವನಾದರೂ ಗಂಡಸು ನಿಂತಿದ್ದಾನೋ ಎಂದು. ಇಂದಾಪುರದಲ್ಲಿ ಕಬ್ಬಿನ ಗಾಡಿಗಳ ಗುತ್ತಿಗೆದಾರರೊಬ್ಬರು ಇಲ್ಲ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಈ ಹಂಗಾಮು ಮುಗಿಯಲಿ, ಪಗಾರದ ಮಾತು ಆಮೇಲೆ ಆಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ತಿರುಗಿ ಬರುವಾಗ ಎಸ್.ಟಿ. ಬಸ್ಸು ಹತ್ತಿದೆವು. ಸ್ಟ್ಯಾಂಡಿನಲ್ಲಿ ಕಾಕಾ ನನ್ನ ಮಗಳಿಗೆಂದು ಪೇರಲಹಣ್ಣು ಕೊಂಡಿದ್ದರು. ಆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯಾಚೆ ಓಡುವ ಲಾರಿಗಳನ್ನೇ ನೋಡುತ್ತಿದ್ದರು.

ಕೊನೆಗೆ ಅವರು ಹೋಗಬಾರದೆಂದುಕೊಂಡಿದ್ದ ಬಾಗಿಲಿಗೇ ಹೋಗಬೇಕಾಯಿತು. ಮಾರ್ಕೆಟ್ ಯಾರ್ಡಿನ ಒಬ್ಬ ಶೇಠ್. ಕಾಕಾ ಬಹಳ ವರ್ಷ ಅವರ ಗಾಡಿಯನ್ನೇ ಓಡಿಸಿದ್ದರು, ಗೌರವದಿಂದ ಕೆಲಸ ಬಿಟ್ಟಿದ್ದರು. ಅಂಥಲ್ಲಿಗೆ ಮತ್ತೆ ಕೈಚಾಚಿ ಹೋಗುವುದು ಅವರಿಗೆ ಮುಜುಗರ. ಶೇಠ್ ನನ್ನನ್ನು ನೋಡಿ, "ಕಾಯ್ ಮಸ್ಕರಿ ಕರತಾ ಉಸ್ತಾದ?" ಎಂದು ನಕ್ಕರು. ಚೇಷ್ಟೆಗೆ ಬಂದಿದ್ದಾರೆಂದೇ ತಿಳಿದರು. ಕಾಕಾ ನಗಲಿಲ್ಲ. ಆಗ ಶೇಠ್ ನೇರವಾಗಿ ಹೇಳಿದರು. ಸಾಸವಡದ ಕಡೆಯಿಂದ ಹಣ್ಣು, ಬಟಾಣಿ ತರುವ ಹಳೆಯ ಗಾಡಿ ಒಂದಿದೆ. ಉಸ್ತಾದನ ಮುಖ ನೋಡಿ ಕಲಿಯುವವಳಿಗೆ ಪಗಾರ ಕೊಡಬಹುದು. ಆದರೆ ಕಲಿಸುವ ಡ್ರೈವರಿಗೊಂದು, ಕ್ಲೀನರಿಗೊಂದು ಎಂದು ಮೂರು ಪಗಾರ ತಮ್ಮಿಂದ ಆಗದು. ಅಲ್ಲದೆ ಹೆಂಗಸಿನ ಕೈಕೆಳಗೆ ಯಾವ ಹುಡುಗ ಕ್ಲೀನರ್ ಆಗಿ ಬರುತ್ತಾನೆ?

ಬಾಗಿಲಲ್ಲಿ ನಿಂತಿದ್ದ ಕ್ಲೀನರ್ ಹುಡುಗರು ಕಿಸಕ್ಕೆಂದರು. ಕಾಕಾ ಅವರತ್ತ ನೋಡಲೇ ಇಲ್ಲ.

"ಕ್ಲೀನರ್ ಮೀ" ಎಂದರು. ಕ್ಲೀನರ್ ನಾನೇ ಎಂದು. ಕಲಿಸುವವರಂತೂ ಅವರೇ.

ಆಫೀಸಿನಲ್ಲಿ ನಗು ನಿಂತಿತು. ಆ ಮೌನ ನನಗೆ ಅವತ್ತು ಪೂರ್ತಿ ಅರ್ಥವಾಗಿರಲಿಲ್ಲ. ಈಗ ಆಗುತ್ತದೆ. ನಮ್ಮ ಈ ಕಸುಬಿನಲ್ಲಿ ಒಮ್ಮೆ ಸ್ಟೇರಿಂಗ್ ಹಿಡಿದವನು ಸತ್ತರೂ ಕ್ಲೀನರ್ ಸೀಟಿಗೆ ಮರಳುವುದಿಲ್ಲ. ಧಾಬಾದಲ್ಲಿ ಉಸ್ತಾದ ತಟ್ಟೆ ಮುಟ್ಟುವ ಮೊದಲು ಕ್ಲೀನರ್ ಮುಟ್ಟುವಂತಿಲ್ಲ, ಉಸ್ತಾದನ ಎದುರು ಮಂಚದ ಮೇಲೆ ಕಾಲು ಮೇಲೆ ಹಾಕಿ ಕೂರುವಂತಿಲ್ಲ. ಅಂಥ ಕಡೆ ಈ ಮನುಷ್ಯ ತಮ್ಮ ಶಿಷ್ಯರ ಕಣ್ಣೆದುರಿಗೇ ಗಾಜು ಒರೆಸಲು ಒಪ್ಪಿಕೊಂಡಿದ್ದರು.

ಮನೆಯಲ್ಲಿ ಕಾಕು ಕೂಗಾಡಿದರಂತೆ. ಕಾಕು ಅಂದರೆ ಕಾಕಾನ ಹೆಂಡತಿ. "ಮಂದಿ ಏನಂದಾರು" ಎಂದದ್ದಕ್ಕೆ ಕಾಕಾ, "ಮಂದಿ ನನ್ನ ಟಯರ್ ಬದಲಿ ಮಾಡಾಕ ಬರತಾರೇನ?" ಎಂದರಂತೆ. ಮರುದಿನ ಬೆಳಿಗ್ಗೆ ಕಾಕು ಸಿಟ್ಟಿನಲ್ಲೇ ಇಬ್ಬರಿಗೂ ಬುತ್ತಿ ಕಟ್ಟಿಕೊಟ್ಟರು. ಶೇಂಗಾಹಿಂಡಿ ಸ್ವಲ್ಪ ಹೆಚ್ಚೇ ಖಾರವಾಗಿತ್ತು.

ಆ ಗಾಡಿಗೆ ನನಗಿಂತ ಹೆಚ್ಚು ವಯಸ್ಸಾಗಿತ್ತೋ ಏನೋ. ಗೇರು ಬೀಳಬೇಕಾದರೆ ಅದಕ್ಕೆ ಮನಸ್ಸು ಬರಬೇಕು. ನಾನು ಸ್ಟೇರಿಂಗಿಗೆ ಜೋತುಬಿದ್ದು ತಿರುಗಿಸುವುದನ್ನು ನೋಡಿ ಯಾರ್ಡಿನ ಹಮಾಲರು ಮೂಟೆ ಇಳಿಸಿ ನಿಂತು ನಗುತ್ತಿದ್ದರು. ಗಾಡಿ ನಿಂತ ಕೂಡಲೇ ಕಾಕಾ ಇಳಿದು ಗಾಲಿಯ ಹಿಂದೆ ಕಟ್ಟಿಗೆಯ ತುಂಡು ಇಡುತ್ತಿದ್ದರು. ಹಿಂದಕ್ಕೆ ತೆಗೆಯುವಾಗ ಹಿಂಬದಿಗೆ ಓಡಿ ಗಾಡಿಯ ಮೈ ತಟ್ಟಿ ದಾರಿ ಹೇಳುತ್ತಿದ್ದರು. ಒದ್ದೆ ಬಟ್ಟೆಯಿಂದ ಗಾಜು ಒರೆಸುತ್ತಿದ್ದರು. "ಉಸ್ತಾದ, ಪ್ರಮೋಶನ್ ಝಾಲಂ ಕಾ?" ಎಂದು ಅವರ ಹಳೆಯ ಶಿಷ್ಯರೇ ಅಣಕಿಸಿದರು. ಬಡ್ತಿ ಸಿಕ್ಕಿತೇ ಎಂದು! ಕಾಕಾ ನಕ್ಕು ಸುಮ್ಮನಾಗುತ್ತಿದ್ದರು. ನನ್ನದು ಸುಮ್ಮನಿರುವ ಬಾಯಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಅವರ ಏಳು ತಲೆಮಾರು ಜಾಲಾಡಿಬಿಡುತ್ತಿದ್ದೆ, ಮರಾಠಿಯಲ್ಲಿ ಶುರುವಾದದ್ದು ಕನ್ನಡದಲ್ಲಿ ಮುಗಿಯುತ್ತಿತ್ತು. ಆಮೇಲೆ ಅದೇ ಸಿಟ್ಟಿನಲ್ಲಿ ಗೇರು ಎಳೆದರೆ ಗಾಡಿ ಕಿರುಚುತ್ತಿತ್ತು.

"ನಿನ್ನ ಸಿಟ್ಟ ಗೇರಿನ್ಯಾಗ ಹಾಕಬ್ಯಾಡ ಯವ್ವಾ" ಎನ್ನುತ್ತಿದ್ದರು. ಇಷ್ಟೇ. ಬೈದವರಲ್ಲ. ತಪ್ಪು ಮಾಡಿದರೆ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಆ ಸದ್ದಿಗೆ ನಾನು ಬೈಗುಳಕ್ಕಿಂತ ಹೆಚ್ಚು ಹೆದರುತ್ತಿದ್ದೆ.

ಜೂನ್ ಬಂತು. ಮಗಳು ನಮ್ಮ ಓಣಿಯ ಶಾಲೆಗೇ ಹೋದಳು, ಹೊಸ ಚೀಲ ಹಾಕಿಕೊಂಡು. ಅಣ್ಣನಿಗೆ ಫೋನು ಮಾಡಿ ಪಗಾರದ ಕೆಲಸ ಸಿಕ್ಕಿದೆ ಎಂದೆ. ಏನು ಕೆಲಸ ಎಂದು ಹೇಳಿದ ಮೇಲೆ ಅವನು ಕೆಲವು ದಿನ ಮಾತು ಬಿಟ್ಟ, ಅದು ಬೇರೆ ವಿಷಯ. ಆದರೆ ಆ ಪಗಾರ ಒಂದು ಎಳೆಯ ಮೇಲೆ ನಿಂತಿತ್ತು. ದೊಡ್ಡ ಗಾಡಿಯ ಲೈಸೆನ್ಸು ನನ್ನ ಕೈಗೆ ಬರುವವರೆಗೆ ಪಕ್ಕದಲ್ಲಿ ಕಾಕಾ ಇರಬೇಕು. ಕಾಕಾ ಬರಲಿಲ್ಲವೆಂದರೆ ಗಾಡಿ ಇಲ್ಲ, ಗಾಡಿ ಇಲ್ಲವೆಂದರೆ ಪಗಾರ ಇಲ್ಲ. ಅಣ್ಣ ಅಷ್ಟಕ್ಕೇ ಕಾಯುತ್ತಿದ್ದ. ಇದು ನನಗೂ ಗೊತ್ತಿತ್ತು, ಕಾಕಾನಿಗೂ ಗೊತ್ತಿತ್ತು.

ಸಾಸವಡಕ್ಕೆ ಹೋಗಬೇಕಾದರೆ ದಿವೆ ಘಾಟ್ ಹತ್ತಬೇಕು. ಹೋಗುವಾಗ ಗಾಡಿ ಖಾಲಿ, ಆದ್ದರಿಂದ ಹತ್ತುವುದು ನನ್ನ ಪಾಲು. ಬರುವಾಗ ಹೊಟ್ಟೆ ತುಂಬ ಮಾಲು ಇರುತ್ತದೆ, ಇಳಿಜಾರು ಗಾಡಿಯನ್ನು ಹಿಂದಿನಿಂದ ದಬ್ಬುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ದೂರದಲ್ಲಿ ಕೆರೆ. ಅದನ್ನು ಇಳಿಸುವುದು ಯಾವಾಗಲೂ ಕಾಕಾ. ಘಾಟಿನ ನೆತ್ತಿಯಲ್ಲಿ ಗಾಡಿ ನಿಲ್ಲಿಸಿ ಇಬ್ಬರೂ ಸೀಟು ಬದಲಿಸುತ್ತಿದ್ದೆವು. "ಇಳಿಯೂವಾಗ ಬ್ರೇಕ್ ನಂಬಬ್ಯಾಡ, ಗೇರ್ ನಂಬು" ಎನ್ನುತ್ತ ಅವರು ಗಾಡಿಯನ್ನು ಮುದುಕಿಯ ಕೈಹಿಡಿದು ಮೆಟ್ಟಿಲು ಇಳಿಸಿದಂತೆ ಇಳಿಸುತ್ತಿದ್ದರು.

ಟ್ರಕ್ಕಿನವರಲ್ಲಿ ಒಂದು ರೂಢಿಯಿದೆ. ಸರಕಾರದ ಲೈಸೆನ್ಸು ಯಾವಾಗ ಬೇಕಾದರೂ ಬರಲಿ, ತುಂಬಿದ ಗಾಡಿಯಲ್ಲಿ ಉಸ್ತಾದ ಶಿಷ್ಯನಿಗೆ ಘಾಟ್ ಇಳಿಸಲು ಕೊಟ್ಟ ದಿನವೇ ಅವನು ಡ್ರೈವರ್. ಅದಕ್ಕೆ ಘಾಟ್ ಕೊಡುವುದು ಎನ್ನುತ್ತಾರೆ. ಅವತ್ತು ಶಿಷ್ಯ ಎಲ್ಲರಿಗೂ ಪೇಢೆ ಹಂಚಬೇಕು. ಪೇಢೆ ತಿಂದವರು ಮತ್ತೆ ಅವನನ್ನು ಕ್ಲೀನರ್ ಎಂದು ಕರೆಯುವಂತಿಲ್ಲ. ಅದನ್ನು ಕೇಳಿ ಪಡೆಯುವುದೂ ಪದ್ಧತಿಯಲ್ಲ. ನಾನು ಮಾತ್ರ ನಾಚಿಕೆ ಬಿಟ್ಟು ಕೇಳುತ್ತಿದ್ದೆ.

"ಯಾವಾಗ ಕೊಡ್ತೀರಿ ಕಾಕಾ?"

"ಅದು ಕೇಳಿದಾಗ ಕೊಡೂದಲ್ಲ. ಉಸ್ತಾದನ ಕೈ ತಾನ ಬಿಡಬೇಕು."

ಗಣಪತಿ ಹಬ್ಬ ಮುಗಿದ ಮೇಲೆ ಕ್ಯಾಬಿನ್ನಿನಲ್ಲಿ ಮುಲಾಮಿನ ವಾಸನೆ ಬರತೊಡಗಿತು. ಹೆಗಲು ಹಿಡಿದಿದೆ ಎಂದರು ಕಾಕಾ. "ಗಾಜ ಒರಸಿ ಒರಸಿ ಹಿಡದಿರಬೇಕು ಬಿಡ್ರಿ" ಎಂದು ನಾನು ಚುಡಾಯಿಸಿದೆ. ಅವರೂ ನಕ್ಕರು. ಗಾಲಿಗೆ ಕಟ್ಟಿಗೆ ಇಟ್ಟು ಬಂದವರು ಸೀಟಿಗೆ ಹತ್ತುವ ಮೊದಲು ಬಾಗಿಲ ಹಿಡಿಕೆ ಹಿಡಿದು ಸ್ವಲ್ಪ ನಿಲ್ಲುತ್ತಿದ್ದರು. ವಯಸ್ಸಾದವರಲ್ಲವೇ ಎಂದುಕೊಂಡೆ.

ಸೀತಾಫಲದ ದಿನಗಳು. ದಸರೆ ಕಳೆದು ಬಿಸಿಲು ಮತ್ತೆ ಏರಿತ್ತು. ಅವತ್ತು ಕ್ರೇಟುಗಳನ್ನು ಹೇರಿಕೊಂಡು ಮಧ್ಯಾಹ್ನ ಘಾಟಿನ ನೆತ್ತಿಗೆ ಬಂದೆವು. ನಾನು ಗಾಡಿ ಬದಿಗೆ ತೆಗೆದು ಇಳಿಯಲು ಬಾಗಿಲು ತೆರೆದೆ. ಕಾಕಾ ಏಳಲಿಲ್ಲ. ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಎದುರಿನ ರಸ್ತೆ ನೋಡುತ್ತ ಕೂತಿದ್ದರು.

"ಇವತ್ತ ನೀನ ಒಯ್ಯಿ" ಎಂದರು.

ಬಾಗಿಲು ಹಾಕಿ, ಗೇರು ಹಾಕಿ ಇಳಿಸಿದೆ. ತಿರುವು ಬಂದಲ್ಲೆಲ್ಲ ಅವರ ಗಂಟಲಿನ ಸದ್ದಿಗೆ ಕಾದೆ. ಬರಲಿಲ್ಲ. ಕೆಳಗೆ ಸಮತಟ್ಟು ರಸ್ತೆಗೆ ಬಂದ ಮೇಲೆ ತಿರುಗಿ ನೋಡಿದರೆ ಅವರ ಹಣೆ, ಕುತ್ತಿಗೆ ಎಲ್ಲ ಬೆವರಿನಿಂದ ತೊಯ್ದಿತ್ತು, ಕಣ್ಣು ಒದ್ದೆಯಾಗಿದ್ದವು. ಶಿಷ್ಯೆ ಗೆದ್ದಳೆಂದು ಮನಸ್ಸು ತುಂಬಿ ಬಂದಿದೆ ಎಂದುಕೊಂಡೆ. ನನ್ನ ಕಣ್ಣೂ ತುಂಬಿದವು. ಜೀವನದಲ್ಲಿ ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ, ಹೆರಿಗೆಯಲ್ಲೂ ಆಗಿರಲಿಲ್ಲ. ಇದ್ದದ್ದನ್ನು ಹೇಳುತ್ತಿದ್ದೇನೆ.

ಯಾರ್ಡಿಗೆ ಬಂದವಳೇ ಪೇಢೆ ತಂದು ಹಂಚಿದೆ. ಅಣಕಿಸುತ್ತಿದ್ದ ಡ್ರೈವರುಗಳು ಒಂದು ಗಳಿಗೆ ಕಾಕಾನ ಮುಖ ನೋಡಿದರು. ಕಾಕಾ ತಲೆ ಆಡಿಸಿದ ಮೇಲೆ ಒಬ್ಬೊಬ್ಬರಾಗಿ ಪೇಢೆ ತೆಗೆದುಕೊಂಡು ಹಣೆಗೆ ಮುಟ್ಟಿಸಿ ಬಾಯಿಗೆ ಹಾಕಿಕೊಂಡರು. ಶೇಠ್ ಕೂಡ ಕುರ್ಚಿಯಿಂದ ಎದ್ದು ಬಂದು ತೆಗೆದುಕೊಂಡರು. ನಾನು ಕಾಕಾನ ಕಾಲು ಮುಟ್ಟಿದೆ. ಅವರು ಒಂದು ಪೇಢೆಯನ್ನು ಬಲಗೈಯಿಂದಲೇ ಮುರಿದು ಅರ್ಧ ನನ್ನ ಬಾಯಿಗೆ ಇಟ್ಟರು.

ಆಮೇಲೂ ಅವರು ಬರುತ್ತಿದ್ದರು. ದಿನಾ ಘಾಟ್ ನಾನೇ ಇಳಿಸುತ್ತಿದ್ದೆ. ದೀಪಾವಳಿಗೆ ಇನ್ನೂ ಸ್ವಲ್ಪ ದಿನ ಇರುವಾಗ, ಒಂದು ಬೆಳಿಗ್ಗೆ, ಬುತ್ತಿಗೆ ಕೂಗಿದರೆ ಎದುರಿನ ಖೋಲಿಯಿಂದ ಕಾಕುವಿನ ಚೀರಾಟ ಕೇಳಿಸಿತು. ಕಾಕಾ ಅಂಗಿ ತೊಟ್ಟು ತಯಾರಾಗಿ ಚಹಾಕ್ಕೆಂದು ಗೋಡೆಗೆ ಒರಗಿ ಕೂತಿದ್ದರು. ಹಾಗೇ ಹೋಗಿದ್ದರು. ಕಪ್ಪಿನಲ್ಲಿ ಚಹಾ ಇನ್ನೂ ಬೆಚ್ಚಗಿತ್ತು…

ಮಣ್ಣು ಇಂಡಿಯ ಕಡೆ ಅವರ ಊರಿನಲ್ಲೇ ಆಯಿತು. ದಿನಕರ್ಮಗಳೆಲ್ಲ ಮುಗಿಸಿ ಕಾಕು ಪುಣೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವರ ಜೊತೆ ಕೂತಿದ್ದೆ. ಮಾತಿಗೆ ಮಾತು ಬಂತು. ಗಣಪತಿ ಹಬ್ಬದಲ್ಲೇ ಡಾಕ್ಟರು ಹೇಳಿದ್ದರಂತೆ, ಹೃದಯ ಸೋತಿದೆ, ಗಾಡಿ ಹತ್ತಬಾರದು, ಭಾರದ ಕೆಲಸ ಮಾಡಬಾರದು ಎಂದು. ಮುಲಾಮು ಹಚ್ಚುತ್ತಿದ್ದದ್ದು ಹೆಗಲಿಗಲ್ಲ, ಎದೆಗೆ.

"ನನಗೊಂದ ಹೇಳಬಾರದಾಗಿತ್ತೇನ್ರಿ ಕಾಕು?" ಎಂದೆ.

"ಆಣಿ ಹಾಕಿಸಿದ್ರವ್ವಾ. ನಾ ಮನ್ಯಾಗ ಕೂತ್ರ ಆ ಹುಡಿಗಿ ಪಗಾರ ನಿಲ್ಲತದ, ಕೂಸು ಮಂದಿ ಮನಿಗಿ ಹೋಗತದ, ಲೈಸೆನ್ಸ್ ಬರೂತನಾ ತಡಿ ಅಂದ್ರು. ನೀ ಪೇಢೆ ಹಂಚಿದ ದಿನ ಮನಿಗಿ ಬಂದ್ರಲಾ, ಎಡಗೈ ಎತ್ತಾಕ ಬರವಲ್ದಾಗಿತ್ತು. ಅಂಗಿ ನಾನ ಬಿಚ್ಚಿದೆ."

ಕಾಕು ನನ್ನನ್ನು ದೂರಲಿಲ್ಲ. ದೂರಿದ್ದರೆ ಸಮಾಧಾನವಾಗುತ್ತಿತ್ತೋ ಏನೋ. ನನ್ನ ಬೆನ್ನು ಸವರುತ್ತಲೇ ಇದನ್ನೆಲ್ಲ ಹೇಳಿದರು. ನಾನು ಎದ್ದು ನನ್ನ ಖೋಲಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು. ಯಾರು ಕೇಳಿದ್ದರು ಇದನ್ನು? ಮಗಳು ವಿಜಯಪುರಕ್ಕೆ ಹೋಗಿದ್ದರೆ ಹೋಗುತ್ತಿದ್ದಳು, ಒಂದು ವರ್ಷ ಮುಸುರೆ ತಿಕ್ಕುತ್ತಿದ್ದಳು, ಸಾಯುತ್ತಿರಲಿಲ್ಲ. ಒಂದು ಮಾತು ಹೇಳಿದ್ದರೆ ನಾನೇ ಗಾಡಿಯ ಕೀಲಿ ಶೇಠ್ ಮುಂದೆ ಇಟ್ಟು ಬರುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ.

ಪಗಾರ ನಿಲ್ಲಲಿಲ್ಲ. ಶೇಠ್ ಕರೆಸಿ, "ಉಸ್ತಾದನೇ ಘಾಟ್ ದಿಲಾ, ಆತಾ ಕಾಯ್" ಎಂದರು. ಉಸ್ತಾದನೇ ಘಾಟ್ ಕೊಟ್ಟ ಮೇಲೆ ಇನ್ನು ಮಾತೇನು ಎಂದು. ಪೇಢೆ ತಿಂದ ಡ್ರೈವರೊಬ್ಬ, ಎಲ್ಲರಿಗಿಂತ ಹೆಚ್ಚು ಅಣಕಿಸಿದವನೇ, ತಾನಾಗಿ ಬಂದು ನನ್ನ ಎಡಗಡೆ ಕೂತ. ಹೊಸ ವರ್ಷದ ಹೊತ್ತಿಗೆ ಲೈಸೆನ್ಸು ಕೈಗೆ ಬಂತು. ಮಗಳು ನನ್ನ ಹತ್ತಿರವೇ ಬೆಳೆದಳು, ಈಗ ಇಲ್ಲೇ ಕಾಲೇಜಿಗೆ ಹೋಗುತ್ತಾಳೆ. ಕಾಕಾ ಬಯಸಿದ್ದೆಲ್ಲ ಆಯಿತು.

ಆದರೆ ಒಂದು ಪ್ರಶ್ನೆ ಉಳಿಯಿತು. ಅವತ್ತು ಘಾಟಿನ ನೆತ್ತಿಯಲ್ಲಿ ಅವರು ನನಗೆ ಘಾಟ್ ಕೊಟ್ಟರೋ, ಇಲ್ಲಾ ಕೈ ಎತ್ತಲಾಗದೆ ಬಿಟ್ಟರೋ? ನಾನು ತಯಾರಾಗಿದ್ದೆ ಎಂದು ಅವರಿಗೆ ಅನ್ನಿಸಿತ್ತೋ, ಇಲ್ಲಾ ಬೇರೆ ದಾರಿ ಇರಲಿಲ್ಲವೋ? ಕೆಲವೊಮ್ಮೆ ಮೂರನೆಯ ಯೋಚನೆಯೂ ಬರುತ್ತದೆ. ತಾವು ಹೆಚ್ಚು ದಿನ ಇರುವುದಿಲ್ಲ ಎಂದ ಮೇಲೆ, ನಾಲ್ಕು ಜನ ಪೇಢೆ ತಿಂದು ನನ್ನನ್ನು ಡ್ರೈವರ್ ಎಂದು ಒಪ್ಪಲಿ ಎಂದು ಬೇಕೆಂದೇ ಹಾಗೆ ಮಾಡಿದರೋ ಎಂದು. ಇಷ್ಟು ವರ್ಷ ಎಷ್ಟು ಘಾಟ್ ಇಳಿಸಿದ್ದೇನೆ, ಬೋರ್ ಘಾಟ್, ಖಂಬಾಟ್ಕಿ, ಎಲ್ಲ. ಪ್ರತಿ ಸಲ ನೆತ್ತಿಗೆ ಬಂದಾಗ ಇದೇ ಯೋಚನೆ ಎದ್ದು ಕೂರುತ್ತದೆ. ನಾನು ಡ್ರೈವರ್ ಎಂದು ಕಂಪನಿ ಒಪ್ಪಿದೆ, ಸರಕಾರ ಒಪ್ಪಿದೆ. ಕಾಕಾ ಒಪ್ಪಿದ್ದರೇ? ಯಾರನ್ನು ಕೇಳಲಿ?

ಕಳೆದ ವಾರ ಆ ಹುಡುಗಿಯ ಜೊತೆ ಹೊರಟದ್ದು ಅದೇ ದಾರಿ. ಜೇಜುರಿಯ ಕಾರ್ಖಾನೆಯಿಂದ ಮಾಲು ತುಂಬಿಕೊಂಡು ಮಧ್ಯಾಹ್ನ ದಿವೆ ಘಾಟಿನ ನೆತ್ತಿಗೆ ಬಂದೆವು. ರಸ್ತೆ ಅಗಲ ಮಾಡಲು ಬಂಡೆ ಕಡಿಯುತ್ತಿದ್ದಾರೆ, ಎಲ್ಲೆಲ್ಲೂ ದೂಳು. ಇಳಿಜಾರು ಯಾವಾಗಲೂ ನನ್ನದೇ ಪಾಲು. ಹುಡುಗಿ ಗಾಡಿ ಬದಿಗೆ ತೆಗೆದು, ಸೀಟು ಬದಲಿಸಲು ಬಾಗಿಲು ತೆರೆದಳು.

"ಇಳೀಬ್ಯಾಡ. ಇವತ್ತ ನೀನ ಇಳಸು" ಎಂದೆ.

ಅವಳು ತಿರುಗಿ ನನ್ನನ್ನು ನೋಡಿದಳು. "ಯಾಕ್ರಿ ಅಕ್ಕಾ? ಆರಾಮ ಇಲ್ಲೇನ್ರಿ?"

ಅವತ್ತಿನ ನನ್ನ ಸಂಭ್ರಮದಲ್ಲಿ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಎರಡೂ ಕೈ ಅವಳ ಮುಂದೆ ಚಾಚಿದೆ.

"ಹಿಡದ ನೋಡು. ನಡುಗತಾವೇನು?"

ಹುಡುಗಿ ಗಾಬರಿಯಲ್ಲೇ ನನ್ನ ಬೆರಳು ಒತ್ತಿ ನೋಡಿದಳು. "ಇಲ್ರಿ."

"ಕೈ ಗಟ್ಟಿ ಅದಾವ. ಎದಿ ಗಟ್ಟಿ ಅದ. ಈ ಘಾಟ್ ಇಳಸೂದು ನನಗ ಇವತ್ತಿಗೂ ಭಾಳ ಸೇರತದ. ಆದ್ರೂ ನಿನಗ ಕೊಡಾಕತ್ತೀನಿ. ನನಗ ಆಗವಲ್ದಂತ ಅಲ್ಲ, ನಿನಗ ಬರತದಂತ. ತಿಳೀತ?"

ತಿಳಿದವಳಂತೆ ತಲೆ ಆಡಿಸಿದಳು, ಏನೂ ತಿಳಿದಿರಲಿಲ್ಲ. ಬಾಗಿಲು ಹಾಕಿಕೊಂಡು ಗೇರು ಹಾಕಿದಳು. ಗಾಡಿ ನಿಧಾನವಾಗಿ ಇಳಿಯತೊಡಗಿತು. ಚೆನ್ನಾಗಿಯೇ ಇಳಿಸಿದಳು. ನಾನು ಎಡಗಡೆಯ ಕಿಟಕಿಯತ್ತ ಮುಖ ತಿರುಗಿಸಿ ಕೂತೆ. ಇಷ್ಟು ಮಾತು ನನಗೂ ಒಬ್ಬರಿಂದ ಬೇಕಾಗಿತ್ತು. ಇನ್ನು ಅದು ಸಿಗುವುದಿಲ್ಲ.